ಶೆಫೀಲ್ಡ್ ಮಡಚು ಚಾಕು ರಿಪೇರಿ: ಸವೆದ ಪಿನ್ನು, ಸ್ಪ್ರಿಂಗಿಗೆ ಬಡಿಯುವ ಬಾಯಿ, ಹುಳು ತಿಂದ ಕೊಂಬು

ಚಾಕು: ಶೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್. ಒಂದೇ ಅಲಗು, ಲ್ಯಾಂಬ್‌ಫೂಟ್ ಆಕಾರ. ಅಂದರೆ ಬಾಯಿ ನೆಟ್ಟಗೆ, ಬೆನ್ನು ತುದಿಯ ಹತ್ತಿರ ಇಳಿಜಾರು. ಮಡಚಿದಾಗ 95 ಮಿ.ಮೀ., ಅಲಗು 70 ಮಿ.ಮೀ. ಹಿತ್ತಾಳೆ ಲೈನರ್ (ಹಿಡಿಯೊಳಗೆ ಅಲಗಿನ ಎರಡೂ ಪಕ್ಕದ ತಗಡು), ಜರ್ಮನ್ ಸಿಲ್ವರ್ (ಬೆಳ್ಳಿಯಂತೆ ಕಾಣುವ ಮಿಶ್ರಲೋಹ) ಬೋಲ್‌ಸ್ಟರ್, ಅಂದರೆ ಅಲಗಿನ ಬುಡದ ಹತ್ತಿರ ಹಿಡಿಯ ತುದಿಯ ಲೋಹದ ಕವಚ, ಎರಡೂ ಪಕ್ಕ ಎಮ್ಮೆ ಕೊಂಬಿನ ಪಟ್ಟಿ. ಲಾಕ್ ಇಲ್ಲ, ಬೆನ್ನಿನ ಸ್ಪ್ರಿಂಗು ಒತ್ತಿ ಹಿಡಿದಿರುವುದಷ್ಟೇ. ಸೆಕೆಂಡ್ ಹ್ಯಾಂಡ್ ಬೆಲೆ 1,200 ರೂಪಾಯಿ.

ರೋಗಗಳು ನಾಲ್ಕು. ಅಲಗು ಪಕ್ಕಕ್ಕೆ ಅಲ್ಲಾಡುತ್ತದೆ, ತುದಿಯಲ್ಲಿ ಅಳೆದರೆ 1.5 ಮಿ.ಮೀ.ಗೂ ಹೆಚ್ಚು. ಮಡಚಿದಾಗ ಬಾಯಿ ಹೋಗಿ ಸ್ಪ್ರಿಂಗಿಗೆ ಬಡಿಯುತ್ತದೆ. ಒಳಗೆಲ್ಲ ಕೆಂಪು ತುಕ್ಕು. ಹಿಂಬದಿಯ ಕೊಂಬಿನ ಪಟ್ಟಿಯನ್ನು ಹುಳು ಕೊರೆದು ಒಂದು ಪಿನ್ನಿನ ಸುತ್ತ ಬಿರುಕು ಬಿಟ್ಟಿದೆ.

ಹಂತ 0: ಬಿಚ್ಚಬೇಕೇ?

ಇದನ್ನು ಮೊದಲೇ ತೀರ್ಮಾನಿಸಿ. ಹಳೆ ಚಾಕುವಿನ ಬೆಲೆ ಇರುವುದು ಅಲಗಿನ ಬುಡದಲ್ಲಿರುವ ಮುದ್ರೆ, ಅಲಗಿನ ಮೂಲ ಅಗಲ, ಮುಟ್ಟದ ಪಿನ್ನು ಈ ಮೂರರಲ್ಲಿ. ಬಫಿಂಗ್ ಚಕ್ರಕ್ಕೆ ಕೊಟ್ಟು ಫಳಫಳ ಮಾಡಿಸಿದ ಚಾಕುವಿಗೆ ಸಂಗ್ರಹಕಾರರು ಅರ್ಧ ಬೆಲೆ ಕೊಟ್ಟರೂ ಹೆಚ್ಚು.

ರಾಜರ್ಸ್ ಚಾಕುವಿನ ಗುರುತು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. 1764ರಿಂದ ಅವರ ಟ್ರೇಡ್‌ಮಾರ್ಕ್ ಅದೇ. ಮುದ್ರೆಯಲ್ಲಿ ಕಿರೀಟವಿದ್ದರೆ ಅದರ ಆಚೀಚೆ ಇರುವ ಅಕ್ಷರಗಳಿಂದ ಕಾಲ ಸುಮಾರಾಗಿ ಗೊತ್ತಾಗುತ್ತದೆ: ವಿ-ಆರ್ ಇದ್ದರೆ ವಿಕ್ಟೋರಿಯಾ ಕಾಲ, 1901ಕ್ಕಿಂತ ಹಿಂದಿನದು, ಜಿ-ಆರ್ ಇದ್ದರೆ ಜಾರ್ಜ್ ದೊರೆಗಳ ಕಾಲ, 1910ರ ನಂತರದ್ದು. 'ಇಂಗ್ಲೆಂಡ್' ಎಂಬ ಪದ ಸಾಮಾನ್ಯವಾಗಿ 1890ರ ಅಮೆರಿಕದ ಸುಂಕ ಕಾಯ್ದೆಯ ನಂತರ ಸೇರಿದ್ದು. ರಫ್ತಾಗುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕಾಯಿತು. 'ಸ್ಟೇನ್‌ಲೆಸ್' ಅಂತ ಇದ್ದರೆ ಅದು ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಆ ಉಕ್ಕು ಮಾಡಿದ ಮೇಲಿನದು. ಈ ಕಂಪನಿಗೆ ಕಲ್ಕತ್ತಾ, ಬೊಂಬಾಯಿಗಳಲ್ಲಿ ಮಳಿಗೆ ಇದ್ದುದರಿಂದ ನಮ್ಮಲ್ಲಿ ಹಳೆ ಮನೆಗಳ ಪೆಟ್ಟಿಗೆಗಳಲ್ಲಿ ಇವು ಈಗಲೂ ಸಿಗುತ್ತವೆ. ಹೆಸರಿಗೆ ಬೆಲೆ ಇದ್ದಲ್ಲಿ ನಕಲಿಯೂ ಹೆಚ್ಚು: ಕಾಗುಣಿತ ನೋಡಿ, ಅಕ್ಷರದ ಅಂಚು ನೋಡಿ.

ನಮ್ಮ ಚಾಕು ಜಿ-ಆರ್, ಇಂಗ್ಲೆಂಡ್, ಮಾಮೂಲಿ ಕಾರ್ಬನ್ ಉಕ್ಕು. ಅಪರೂಪದ್ದಲ್ಲ, ಬಿಚ್ಚಬಹುದು. ವಿ-ಆರ್ ಇದ್ದು, ಮುತ್ತಿನ ಚಿಪ್ಪಿನ ಹಿಡಿಯೋ ಮೂರು-ನಾಲ್ಕು ಅಲಗೋ ಇದ್ದಿದ್ದರೆ ಹಂತ 2ಕ್ಕೇ ನಿಲ್ಲಿಸುವುದು ಸರಿ.

ಹಂತ 1: ಅಳತೆ

ಬಿಚ್ಚಿದ ಮೇಲೆ ಅಳತೆ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ. ಹಿಡಿಯನ್ನು ಕಾಗದದ ಮೇಲಿಟ್ಟು ಚೂಪು ಪೆನ್ಸಿಲಿನಿಂದ ಎರಡೂ ಮಗ್ಗುಲಿನ ಗೆರೆ ಎಳೆದಿಡಿ. ವರ್ನಿಯರಿನ ಡೆಪ್ತ್ ಕಡ್ಡಿಯಿಂದ ಸ್ಪ್ರಿಂಗಿನ ಬೆನ್ನು ಲೈನರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವುದನ್ನು ಮೂರು ಸ್ಥಿತಿಯಲ್ಲಿ ಬರೆದುಕೊಳ್ಳಿ. ಇಲ್ಲಿ ಬಂದದ್ದು:

ತೆರೆದಾಗ: 0.3 ಮಿ.ಮೀ. ಕೆಳಗೆ
ಅರ್ಧ ತೆರೆದಾಗ: 0.2 ಮಿ.ಮೀ. ಮೇಲೆ
ಮಡಚಿದಾಗ: 0.35 ಮಿ.ಮೀ. ಕೆಳಗೆ

ಒಳ್ಳೆಯ ಚಾಕುವಿನಲ್ಲಿ ತೆರೆದಾಗಲೂ ಮಡಚಿದಾಗಲೂ ಸ್ಪ್ರಿಂಗು ಲೈನರಿನ ಸಮಕ್ಕೆ ಇರಬೇಕು. ಬೆರಳು ಸವರಿದರೆ ಮೆಟ್ಟಿಲು ಸಿಗಬಾರದು. ಎರಡೂ ಸ್ಥಿತಿಯಲ್ಲಿ ಹೀಗೆ ಇಳಿದಿದೆ ಅಂದರೆ ಅಲಗಿನ ಬುಡ ಸ್ಪ್ರಿಂಗಿನಿಂದ ದೂರ ಸರಿದಿದೆ ಎಂದು ಅರ್ಥ. ಸ್ಪ್ರಿಂಗು ಸದಾ ಬುಡವನ್ನು ಆಚೆಗೆ ತಳ್ಳುತ್ತಿರುತ್ತದೆ. ಅಲಗು ಬೋಲ್‌ಸ್ಟರಿನಲ್ಲಿರುವ ಒಂದು ಪಿನ್ನಿನ ಸುತ್ತ ತಿರುಗುತ್ತದೆ; ಬುಡದಲ್ಲಿ ಆ ಪಿನ್ನು ಹಾಯುವ ತೂತಿನ ಸ್ಪ್ರಿಂಗು ಕಡೆಯ ಗೋಡೆ ಪಿನ್ನಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂಬುದು ಬಿಚ್ಚುವ ಮೊದಲೇ ತಿಳಿಯಿತು.

ಅಯಸ್ಕಾಂತ ಹಿಡಿದು ನೋಡಿ. ಬೋಲ್‌ಸ್ಟರಿಗೆ ಅಂಟಿದರೆ ಕಬ್ಬಿಣ, ಇಲ್ಲದಿದ್ದರೆ ಜರ್ಮನ್ ಸಿಲ್ವರ್. ಪಿನ್ನಿನ ಲೋಹವೂ ಅದೇ ಆಗಿರಬೇಕು, ಇಲ್ಲವಾದರೆ ತಲೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಹಂತ 2: ಬಿಚ್ಚದೆ ತೊಳೆಯುವುದು

ಡಬ್ಲ್ಯುಡಿ-40 ಅಥವಾ ಡೀಸೆಲ್. ಪಿನ್ನಿನ ಸಂದಿಗೆ, ಸ್ಪ್ರಿಂಗಿನ ಉದ್ದಕ್ಕೆ ಬಿಟ್ಟು ಒಂದು ರಾತ್ರಿ. ನೀರಿನಲ್ಲಿ ನೆನೆಹಾಕಬೇಡಿ, ಕೊಂಬು ಉಬ್ಬಿ ಡೊಂಕಾಗುತ್ತದೆ. ಬೆಳಿಗ್ಗೆ ಅಲಗನ್ನು ಸ್ವಲ್ಪ ಸ್ವಲ್ಪವೇ ಆಡಿಸಿದರೆ ಕೆಂಪು ಕೆಸರು ಹೊರಗೆ ಬರುತ್ತದೆ. ಒರೆಸಿ, ಮತ್ತೆ ಎಣ್ಣೆ ಬಿಡಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಇದೇ ಕೆಲಸ.

ಬಿಗಿದು ಕೂತ ಅಲಗನ್ನು ಬರಿ ಇಕ್ಕಳದಿಂದ ಎಳೆದರೆ ಉಗುರು ಗೀರಿನ (ಅಲಗು ತೆರೆಯಲು ಉಗುರು ಸಿಕ್ಕಿಸುವ ಗೀರು) ಹತ್ತಿರ ಹಲ್ಲು ಗುರುತು ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಚಪ್ಪಲಿ ಚರ್ಮದ ಎರಡು ತುಂಡು ನಡುವೆ ಇಟ್ಟು ಹಿಡಿಯಿರಿ. ಅಲಗನ್ನು ನೇರವಾಗಿ ಎಳೆಯಬೇಕು, ಪಕ್ಕಕ್ಕೆ ತಿರುಚಬಾರದು. ತುಕ್ಕು ಹಿಡಿದ ಹಳೆ ಉಕ್ಕು ಬುಡದಲ್ಲಿ ಪಟ್ಟಂತ ಮುರಿಯುವುದುಂಟು.

ತುಕ್ಕು ತೆಗೆಯಲು ವಿನೆಗರ್, ನಿಂಬೆ, ಹುಣಸೆ ಬೇಡ. ಆಮ್ಲ ತುಕ್ಕನ್ನೂ ಉಕ್ಕನ್ನೂ ಒಟ್ಟಿಗೆ ತಿನ್ನುತ್ತದೆ, ಮೊದಲು ಮಾಯವಾಗುವುದು ಮುದ್ರೆಯ ಅಂಚು. ಹಿತ್ತಾಳೆ ತಗಡಿನ ಒಂದು ಪಟ್ಟಿಯ ತುದಿಯನ್ನು ಚೌಕಾಗಿ ಅರದಿಂದ ಉಜ್ಜಿ ಕೆರೆಯುವ ಉಳಿ ಮಾಡಿಕೊಂಡರೆ, ಎಣ್ಣೆ ಹಾಕಿ ಕೆರೆದಾಗ ಕೆಂಪು ತುಕ್ಕು ಮಾತ್ರ ಏಳುತ್ತದೆ. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರುವುದಿಲ್ಲ. ಕಪ್ಪು-ಬೂದು ಬಣ್ಣ ಹಾಗೇ ಇರಲಿ, ಅದು ತುಕ್ಕಲ್ಲ, ವಯಸ್ಸಿನ ಬಣ್ಣ. ಮುದ್ರೆಯ ಜಾಗಕ್ಕೆ ಬಿದಿರು ಕಡ್ಡಿಯ ಮೊನೆ, ಎಣ್ಣೆ, ಚಿಟಿಕೆ ಸೀಮೆಸುಣ್ಣದ ಪುಡಿ, ಅಷ್ಟೇ. ಉಳಿದ ಒರಟು ಭಾಗಕ್ಕೆ 1000 ನಂಬರಿನ ವಾಟರ್ ಪೇಪರನ್ನು ಮರದ ಪಟ್ಟಿಗೆ ಸುತ್ತಿ, ಎಣ್ಣೆಯಲ್ಲಿ, ಅಲಗಿನ ಮೂಲ ಗೀರುಗಳು ಯಾವ ದಿಕ್ಕಿಗಿವೆಯೋ ಅದೇ ದಿಕ್ಕಿಗೆ.

ಹಂತ 3: ಪಿನ್ನಿಗೆ ಹೊರಗಿನಿಂದ ಬಡಿಯುವುದು (ಸೋತದ್ದು)

ಎಲ್ಲರೂ ಮೊದಲು ಮಾಡುವ ಉಪಾಯ. ಬೋಲ್‌ಸ್ಟರನ್ನು ಉಕ್ಕಿನ ಅಡಿಗಲ್ಲ ಮೇಲಿಟ್ಟು, ಪಿನ್ನಿನ ತಲೆಗೆ 100 ಗ್ರಾಂ ಸುತ್ತಿಗೆಯ ಗುಂಡು ಮುಖದಿಂದ ಮೆಲ್ಲಗೆ ಬಡಿದರೆ ಪಿನ್ನು ಹಿಗ್ಗಿ ಲೈನರುಗಳು ಹತ್ತಿರ ಬರುತ್ತವೆ. ಸವೆತ ಪಕ್ಕದಲ್ಲಿ ಮಾತ್ರ ಇದ್ದರೆ ಇದೇ ಸಾಕು.

ಇಲ್ಲಿ ಆದದ್ದು ಬೇರೆ. ಅಲುಗಾಟ ಅರ್ಧಕ್ಕೆ ಇಳಿಯಿತು, ಆದರೆ ಅಲಗು ಅರ್ಧ ದಾರಿಯಲ್ಲಿ ಹಿಡಿದುಕೊಳ್ಳತೊಡಗಿತು. ಸ್ಪ್ರಿಂಗಿನ ತಗ್ಗು ಹಾಗೇ ಉಳಿಯಿತು. ಬಿಗಿದ ಲೈನರ್ ಮೊಟ್ಟೆ ತೂತನ್ನು ದುಂಡಗೆ ಮಾಡುವುದಿಲ್ಲವಲ್ಲ. ಇನ್ನೂ ಬಡಿದರೆ ಬೋಲ್‌ಸ್ಟರಿನ ಮೈಯಲ್ಲಿ ಗುಳಿ ಬೀಳುತ್ತಿತ್ತು. ಹಾಗಾಗಿ ಬಿಚ್ಚುವುದೇ.

ಹಂತ 4: ಬಿಚ್ಚುವುದು

ಜರ್ಮನ್ ಸಿಲ್ವರ್ ಬೋಲ್‌ಸ್ಟರಿನಲ್ಲಿ ಪಿನ್ನು ಕಣ್ಣಿಗೆ ಬೀಳುವುದಿಲ್ಲ. ಶೆಫೀಲ್ಡಿನವರು ತಲೆ ಕಟ್ಟಿ, ಅಂದರೆ ಪಿನ್ನಿನ ತುದಿಯನ್ನು ಬಡಿದು ಅಗಲಿಸಿ, ಸಮಕ್ಕೆ ಉಜ್ಜಿ ಮುಗಿಸಿಬಿಡುತ್ತಿದ್ದರು. ಒಳಗೆ ತೆಳು ಎಣ್ಣೆ ಬಿಟ್ಟು, ಹೊರಗೆ ಪೂರ್ತಿ ಒರೆಸಿ, ಅಲಗನ್ನು ಪಕ್ಕಕ್ಕೆ ಒತ್ತಿ ಬಿಟ್ಟರೆ ಕೂದಲೆಳೆಯಷ್ಟು ಎಣ್ಣೆಯ ಉಂಗುರ ಮೂಡುತ್ತದೆ. ಅದರ ನಡುವೆ ಸೆಂಟರ್ ಪಂಚ್ ಗುರುತು ಹಾಕಿ.

ಶೆಫೀಲ್ಡ್ ಭಾಷೆಯಲ್ಲಿ ಉಗುರು ಗೀರು ಕಾಣುವ ಪಕ್ಕ 'ಮಾರ್ಕ್ ಸೈಡ್', ಹಿಂಬದಿ 'ಪೈಲ್ ಸೈಡ್'. ಕೊರೆಯುವುದೇನಿದ್ದರೂ ಪೈಲ್ ಕಡೆಯಿಂದ, ಮುಖ ಹಾಳಾಗಬಾರದು.

2 ಮಿ.ಮೀ. ಡ್ರಿಲ್ ಬಿಟ್, ಆಳ 1.5 ಮಿ.ಮೀ. ಮಾತ್ರ. ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತು ಮಾಡಿಕೊಂಡರೆ ಒಳ್ಳೆಯದು. ಉದ್ದೇಶ ಪಿನ್ನನ್ನು ಪೂರ್ತಿ ಕೊರೆಯುವುದಲ್ಲ, ಅಗಲಿಸಿದ ತಲೆಯನ್ನು ಸಡಿಲ ಮಾಡುವುದು. ಆಮೇಲೆ ಬೋಲ್‌ಸ್ಟರನ್ನು ಒಂದು ಎಂ6 ನಟ್ಟಿನ ಮೇಲೆ, ಪಿನ್ನು ನಟ್ಟಿನ ತೂತಿಗೆ ಎದುರಾಗುವ ಹಾಗೆ ಕೂರಿಸಿ 2 ಮಿ.ಮೀ. ಪಿನ್ ಪಂಚಿನಿಂದ ಹೊಡೆಯಿರಿ. ಅಲಗು ಮಡಚಿರಲಿ, ಬಾಯಿಗೆ ಟೇಪು ಸುತ್ತಿರಲಿ. ಅರ್ಧ ತೆರೆದ ಸ್ಥಿತಿಯಲ್ಲಿ ಸ್ಪ್ರಿಂಗಿನ ಒತ್ತಡ ಅತಿ ಹೆಚ್ಚು. ಆಗ ಪಿನ್ನು ಹೊಡೆದರೆ ಅಲಗಿನ ಬುಡ ಚಿಮ್ಮಿ ಲೈನರನ್ನು ಬಗ್ಗಿಸುತ್ತದೆ. ಕನ್ನಡಕ ಹಾಕಿಕೊಳ್ಳಿ.

ಸ್ಪ್ರಿಂಗನ್ನು ಹಿಡಿದಿರುವ ನಡುವಿನ ಪಿನ್ನು, ಬಾಲದ ಪಿನ್ನು ಹಿತ್ತಾಳೆಯವು, ತಲೆ ಅರದಿಂದ ಉಜ್ಜಿದರೆ ಬಂದುಬಿಡುತ್ತವೆ. ಮಾರ್ಕ್ ಕಡೆಯ ಕೊಂಬಿನ ಪಟ್ಟಿಯ ಸಣ್ಣ ಪಿನ್ನುಗಳನ್ನು ಮುಟ್ಟಿಲ್ಲ.

ಬಿಚ್ಚಿದ ಮೇಲಿನ ಅಳತೆ: ಪಿನ್ನು 2.34 ಮಿ.ಮೀ. ಅಲಗಿನ ತೂತು ಒಂದು ಅಡ್ಡಕ್ಕೆ 2.4, ಇನ್ನೊಂದು ಅಡ್ಡಕ್ಕೆ 2.75. ಬುಡದ ದಪ್ಪ 2.62 ಮತ್ತು ತುಕ್ಕಿನ ಉಬ್ಬು. ಸ್ಪ್ರಿಂಗಿನ ದಪ್ಪ 2.60. ನಡು ಪಿನ್ನು 1.63, ಕೊಂಬಿನ ಪಿನ್ನು 1.22. ಈ ಸಂಖ್ಯೆಗಳು ವಿಚಿತ್ರ ಅನಿಸಿದರೆ ಎಸ್‌ಡಬ್ಲ್ಯುಜಿ (ತಂತಿಯ ದಪ್ಪದ ಬ್ರಿಟಿಷ್ ಅಳತೆ) ಪಟ್ಟಿ ನೋಡಿ: ಕ್ರಮವಾಗಿ 13, 16, 18 ನಂಬರಿನ ತಂತಿ. ಈಗಲೂ ಅದೇ ನಂಬರ್ ಹೇಳಿದರೆ ಜರ್ಮನ್ ಸಿಲ್ವರ್ ತಂತಿ ಆಭರಣ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ. ಹೆಸರಲ್ಲಿ ಬೆಳ್ಳಿ ಇದ್ದರೂ ಒಳಗೆ ಬೆಳ್ಳಿಯಿಲ್ಲ. ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಸಿಗದಿದ್ದರೆ ನಡುವಿನ ಪಿನ್ನಿಗೆ ವೆಲ್ಡಿಂಗ್ ಅಂಗಡಿಯ 1.6 ಮಿ.ಮೀ. ಹಿತ್ತಾಳೆ ಬ್ರೇಜಿಂಗ್ ಕಡ್ಡಿ ನಡೆಯುತ್ತದೆ; ಮೇಲೆ ಫ್ಲಕ್ಸ್ ಲೇಪ ಇಲ್ಲದ್ದನ್ನು ಕೇಳಿ.

ಹಂತ 5: ತೂತು ಮತ್ತು ಬುಶ್

ಕೆಲಸದ ಹೃದಯ ಇದು, ಆತುರ ಬೇಡ.

ಆಯ್ಕೆಗಳು ಮೂರಿದ್ದವು. ಒಂದು, ತೂತನ್ನು 2.8ಕ್ಕೆ ದೊಡ್ಡದು ಮಾಡಿ ದಪ್ಪ ಪಿನ್ನು ಹಾಕುವುದು. ಆದರೆ ಆಗ ಲೈನರ್, ಬೋಲ್‌ಸ್ಟರ್ ತೂತುಗಳನ್ನೂ ಕೊರೆಯಬೇಕು. ಮಾರ್ಕ್ ಕಡೆಯ ಮೂಲ ಮುಖ ಹೋಗುತ್ತದೆ. ಎರಡು, ವೆಲ್ಡಿಂಗ್ ಮಾಡಿ ತುಂಬಿ ಮತ್ತೆ ಕೊರೆಯುವುದು. ಮುದ್ರೆಯಿಂದ ಆರು ಮಿ.ಮೀ. ದೂರದಲ್ಲಿ ಕಾಯಿಸಿದರೆ ಅಲಗಿನ ಹದ ಹೋಗುವ ಅಪಾಯ, ಬೇಡವೇ ಬೇಡ. ಮೂರು, ಅಲಗಿನ ತೂತಿಗೆ ಮಾತ್ರ ಬುಶ್, ಅಂದರೆ ಪಿನ್ನಿನ ಸುತ್ತ ಕೂರುವ ಸಣ್ಣ ಲೋಹದ ಕೊಳವೆ. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ, ಪಿನ್ನು ಮೂಲ ಅಳತೆಯದ್ದೇ. ಇದನ್ನೇ ಆರಿಸಿದ್ದು. ಮೂಲಕ್ಕೆ ಧಕ್ಕೆ ಎನ್ನುವವರಿದ್ದಾರೆ. ಸವೆದು ಹೋದ ತೂತು ಈಗಾಗಲೇ ಮೂಲವಲ್ಲ ಎಂಬುದು ಇಲ್ಲಿನ ಲೆಕ್ಕ.

ಬುಶ್ ಹೊರ ವ್ಯಾಸ 3.5, ಒಳ ವ್ಯಾಸ 2.4 ಮಿ.ಮೀ., ಫಾಸ್ಫರ್ ಬ್ರಾಂಜ್. ಲೇತ್ ಕೆಲಸದವರಿಂದ 3 ಮಿ.ಮೀ. ಉದ್ದದ ಮೂರು ತುಂಡು ಮಾಡಿಸಿಕೊಳ್ಳಿ, ಒಂದಕ್ಕೂ ಮೂರಕ್ಕೂ ಕೂಲಿ ಒಂದೇ. ಹೊರ ವ್ಯಾಸ 3.48–3.49 ಬರಲಿ ಅಂತ ಬರೆದುಕೊಡಿ. ಬುಶ್ ಅಲಗಿನೊಳಗೆ ಬಿಗಿಯಾಗಿ ಕೂರುವುದಲ್ಲ. ಎರಡು ಲೈನರುಗಳ ನಡುವೆ ಅದು ಕಚ್ಚಿಕೊಂಡು ನಿಲ್ಲುತ್ತದೆ, ಅಲಗು ಅದರ ಸುತ್ತ ತಿರುಗುತ್ತದೆ.

ತೂತನ್ನು 3.5ಕ್ಕೆ ದೊಡ್ಡದು ಮಾಡುವಾಗ ಒಂದು ಮೋಸವಿದೆ. ಮೊಟ್ಟೆ ತೂತಿಗೆ ನೇರವಾಗಿ ಡ್ರಿಲ್ ಬಿಟ್ ಹಾಕಿದರೆ ಅದು ಸವೆದ ಕಡೆಗೇ ಓಡುತ್ತದೆ; ದುಂಡಗಿನ ತೂತೇನೋ ಸಿಗುತ್ತದೆ, ಆದರೆ ಕೇಂದ್ರ ಸರಿದಿರುತ್ತದೆ, ಸ್ಪ್ರಿಂಗಿನ ತಗ್ಗು ಶಾಶ್ವತ. ಹಾಗಾಗಿ ಮೊದಲು ದುಂಡು ಸೂಜಿ ಅರದಿಂದ ಸವೆಯದ ಗೋಡೆಯನ್ನು, ಎದುರಿನದು ಎಷ್ಟು ಸವೆದಿದೆಯೋ ಅಷ್ಟೇ, ಅಂದರೆ 0.35 ಮಿ.ಮೀ. ಉಜ್ಜಬೇಕು. ಈಗ ತೂತು ಮೂಲ ಕೇಂದ್ರದ ಸುತ್ತ ಸಮ ಆಯಿತು. ಮೇಲೆ ಪರ್ಮನೆಂಟ್ ಮಾರ್ಕರ್ ಬಳಿದು, ಡಿವೈಡರಿನಿಂದ 3.5 ವ್ಯಾಸದ ವೃತ್ತ ಗೀರಿ, ಆ ಗೆರೆಯನ್ನು ನೋಡಿಕೊಂಡು 3.3ರವರೆಗೆ ಅರ, ಕೊನೆಗೆ 3.5ರ ಹ್ಯಾಂಡ್ ರೀಮರ್ (ತೂತನ್ನು ನಿಖರ ಅಳತೆಗೆ ಕೆರೆಯುವ ಸಾಧನ), ಕಟಿಂಗ್ ಆಯಿಲ್ ಹಾಕಿ. ರೀಮರನ್ನು ಹಿಂದಕ್ಕೆ ತಿರುಗಿಸಬಾರದು, ಹಲ್ಲು ಹೋಗುತ್ತದೆ. ಹಳೆ ಶೆಫೀಲ್ಡ್ ಅಲಗುಗಳ ಬುಡ ಬಾಯಿಯಷ್ಟು ಗಟ್ಟಿ ಇರುವುದಿಲ್ಲ, ಅರ ಕಚ್ಚುತ್ತದೆ. ಕಚ್ಚದೆ ಜಾರಿದರೆ ಡೈಮಂಡ್ ಅರ ಬೇಕು, ರೀಮರ್ ಇಟ್ಟರೆ ರೀಮರೇ ಹಾಳು.

ಈಗ ದಪ್ಪ. 6 ಮಿ.ಮೀ. ಗಾಜಿನ ಮೇಲೆ 400 ವಾಟರ್ ಪೇಪರ್, ಎಣ್ಣೆ. ಬುಡದ ಎರಡೂ ಮುಖದ ತುಕ್ಕು ಉಬ್ಬು ಹೋಗುವಷ್ಟು ಮಾತ್ರ ಉಜ್ಜಿ, ಮುದ್ರೆಯ ಮೇಲೆ ಟೇಪು ಅಂಟಿಸಿ. ಬುಡ 2.57ಕ್ಕೆ, ಸ್ಪ್ರಿಂಗು 2.58ಕ್ಕೆ ಬಂತು. ಬುಶ್ ಬುಡಕ್ಕಿಂತ 0.03 ಹೆಚ್ಚು ದಪ್ಪ ಇರಬೇಕು, ಅಂದರೆ 2.60.

ಇಲ್ಲಿ ಎರಡು ಬುಶ್ ಕಸಕ್ಕೆ ಹೋದವು. ಮೊದಲನೆಯದನ್ನು ಬೆರಳಲ್ಲೇ ಒತ್ತಿ ಗಾಜಿನ ಮೇಲೆ ಉಜ್ಜಿದ್ದು: ಒಂದು ಕಡೆ 2.61, ಇನ್ನೊಂದು ಕಡೆ 2.54. ಅಷ್ಟು ಸಣ್ಣ ತುಂಡು ಬೆರಳಡಿ ನೆಟ್ಟಗೆ ನಿಲ್ಲುವುದೇ ಇಲ್ಲ. ಓರೆ ಬುಶ್ ಮೇಲೆ ಪಿನ್ನಿನ ತಲೆ ಕಟ್ಟಿದರೆ ಅಲಗು ಒಂದು ಲೈನರಿಗೆ ವಾಲುತ್ತದೆ. ಪರಿಹಾರ ಸುಲಭ: 2 ಮಿ.ಮೀ. ಅಕ್ರಿಲಿಕ್ ತುಂಡಿನಲ್ಲಿ 3.5 ತೂತು ಕೊರೆದು ಅದರಲ್ಲಿ ಬುಶ್ ನಿಲ್ಲಿಸಿ ಉಜ್ಜುವುದು. ಎರಡನೆಯದನ್ನು 2.66ಕ್ಕೇ ನಿಲ್ಲಿಸಿದ್ದು, ಪಿನ್ನು ಬಿಗಿದ ಮೇಲೆ ತಾನೇ ಸರಿಯಾದೀತು ಅಂತ. ಆಗಲಿಲ್ಲ. ಬುಡದ ಅಗಲ ಸುಮಾರು 9 ಮಿ.ಮೀ., ಅಲಗು 70, ಬುಡದಲ್ಲಿ 0.09 ಸಡಿಲ ಅಂದರೆ ತುದಿಯಲ್ಲಿ 0.7 ಮಿ.ಮೀ. ಅಲುಗಾಟ. 0.03 ಇದ್ದರೆ ತುದಿಯಲ್ಲಿ 0.25ರ ಒಳಗೆ, ಎಣ್ಣೆ ಬಿದ್ದ ಮೇಲೆ ಕೈಗೆ ಗೊತ್ತೇ ಆಗುವುದಿಲ್ಲ. ಬುಶ್ ಬುಡಕ್ಕಿಂತ ತೆಳುವಾದರೆ ಇನ್ನೂ ಕೆಡುಕು: ಲೈನರುಗಳು ಅಲಗನ್ನೇ ಕಚ್ಚಿ ಹಿಡಿಯುತ್ತವೆ, ಪಿನ್ನನ್ನು ಮತ್ತೆ ಕೊರೆದು ತೆಗೆಯಬೇಕು.

ಹಂತ 6: ಸ್ಪ್ರಿಂಗು

ನಡು ತೂತಿನ ಸುತ್ತ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಹಳೆ ಸ್ಪ್ರಿಂಗು ಮುರಿಯುವುದು ಅಲ್ಲೇ. ಬಿರುಕಿಲ್ಲ. ಬುಡ ಉಜ್ಜುವ ತುದಿಯನ್ನು 600, 1000, 2000ರಲ್ಲಿ, ಉದ್ದುದ್ದಕ್ಕೆ ಮಾತ್ರ ಪಾಲಿಶ್ ಮಾಡಿ. ಅಡ್ಡ ಗೀರು ಉಳಿದರೆ ಅಲಗು ತೆರೆಯುವಾಗ ಗರಗರ ಎನ್ನುತ್ತದೆ. ಸ್ಪ್ರಿಂಗನ್ನು ಬಿಸಿ ಮಾಡಲು ಹೋಗಬೇಡಿ.

ಹಂತ 7: ಬಾಯಿ ಸ್ಪ್ರಿಂಗಿಗೆ ಬಡಿಯುವುದು

ಬುಶ್ ಹಾಕಿ, ಪಿನ್ನುಗಳನ್ನು ತಲೆ ಕಟ್ಟದೆ ಹಾಗೇ ಚುಚ್ಚಿ ಜೋಡಿಸಿ ನೋಡಿದ ಮೇಲೆಯೇ ಈ ಹಂತ. ಕೇಂದ್ರ ಸರಿಯಾದೊಡನೆ ಅಲಗು ಕೂರುವ ಎತ್ತರವೂ ಬದಲಾಗುತ್ತದೆ; ಮೊದಲೇ ಅರ ಹಿಡಿದರೆ ಎರಡೆರಡು ಬಾರಿ ಲೋಹ ಕಳೆದುಕೊಳ್ಳುತ್ತೀರಿ.

ಎಲ್ಲಿ ತಾಗುತ್ತದೆಂದು ತಿಳಿಯಲು ಸ್ಪ್ರಿಂಗಿನ ಒಳಮೈಗೆ ಮಾರ್ಕರ್ ಬಳಿದು ಅಲಗನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಮಡಚಿ. ನಡುಪಿನ್ನಿನ ಹತ್ತಿರ ಒಂದು ಗೆರೆ ಬಿತ್ತು.

ಅಲಗಿನ ಬುಡದ ಮುಂದೆ, ಬಾಯಿ ಶುರುವಾಗುವ ಮುನ್ನ ಒಂದು ಸಣ್ಣ ಉಬ್ಬು ಇರುತ್ತದೆ, 'ಕಿಕ್' ಎನ್ನುತ್ತಾರೆ. ಮಡಚಿದಾಗ ಅದು ಸ್ಪ್ರಿಂಗಿನ ಮೇಲೆ ಕೂತು ಬಾಯನ್ನು ಎತ್ತಿ ಹಿಡಿಯುತ್ತದೆ. ವರ್ಷಗಟ್ಟಲೆ ಟಪ್ ಟಪ್ ಎಂದು ಮಡಚಿದ್ದಕ್ಕೆ ಅದು ಚಪ್ಪಟೆಯಾಗಿದೆ. ಇದನ್ನು ಅರದಿಂದ 'ಸರಿ' ಮಾಡಲು ಹೋಗಿ ಹಾಳುಮಾಡಿದ ಚಾಕುಗಳು ಬೇಕಾದಷ್ಟಿವೆ. ಕಿಕ್ ಉಜ್ಜಿದಷ್ಟೂ ಅಲಗು ಇನ್ನೂ ಕೆಳಗಿಳಿಯುತ್ತದೆ, ಬಡಿತ ಹೆಚ್ಚುತ್ತದೆ. ಉಜ್ಜುವುದು ಅಲಗಿನ ತುದಿ ಹಿಡಿಯಿಂದ ಹೊರಗೆ ಇಣುಕುತ್ತಿದ್ದಾಗ ಮಾತ್ರ.

ಸ್ಪ್ರಿಂಗಿನ ಹೊಟ್ಟೆಯನ್ನು ಒಳಗಿನಿಂದ ಉಜ್ಜಿ ಜಾಗ ಮಾಡುವವರೂ ಇದ್ದಾರೆ. ಲೆಕ್ಕ ಹಾಕಿ: ಸ್ಪ್ರಿಂಗಿನ ಬಿಗಿ ಎತ್ತರದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 3.5 ಮಿ.ಮೀ. ಎತ್ತರದಲ್ಲಿ 0.3 ಉಜ್ಜಿದರೆ ಆ ಜಾಗದಲ್ಲಿ ಕಾಲು ಭಾಗ ಬಿಗಿ ಹೋಯಿತು. ಗಟ್ಟಿಯಾಗಿ 'ಟಕ್' ಎನ್ನುವ ಚಾಕು ಮೆತ್ತಗಾಗುತ್ತದೆ.

ಇಲ್ಲಿ ಮಾಡಿದ್ದು ಕಿಕ್ಕನ್ನು ಹಿಗ್ಗಿಸುವುದು. ಬುಡವನ್ನು ಅಡಿಗಲ್ಲ ಮೇಲೆ ಮಲಗಿಸಿ, 2 ಮಿ.ಮೀ. ಚಪ್ಪಟೆ ಪಂಚಿನಿಂದ ಕಿಕ್ಕಿನ ಪಕ್ಕದ ಮೈಗೆ ಎರಡೂ ಕಡೆಯಿಂದ ಸರದಿಯಲ್ಲಿ ಸಣ್ಣ ಏಟು. ಲೋಹ ಮುಂದಕ್ಕೆ ಹರಿದು 0.3 ಮಿ.ಮೀ. ಎತ್ತರ ಸಿಕ್ಕಿತು. ಮೊದಲು ಅರದ ಮೂಲೆಯಿಂದ ಕೆರೆದು ನೋಡಿ, ಗೀರು ಬಿದ್ದರೆ ಮಾತ್ರ ಹೊಡೆಯಿರಿ. ಗಟ್ಟಿ ಉಕ್ಕಾದರೆ ಕಿಕ್ ಚಕ್ಕೆಯಾಗಿ ಹಾರಿಹೋಗುತ್ತದೆ. ಇನ್ನೂ ಕೂದಲಷ್ಟು ತಾಗುತ್ತಿದ್ದುದನ್ನು ಸಾಣೆಯಲ್ಲಿ ಬಾಯಿ ನೆಟ್ಟಗೆ ಮಾಡುವಾಗ ಕಳೆದದ್ದಾಯಿತು.

ಹಂತ 8: ಕೊಂಬಿನ ಪಟ್ಟಿ

ಶೆಫೀಲ್ಡಿನ ಹಳೆ ಚಾಕುಗಳಿಗೆ ಕೊಂಬು ಭಾರತದಿಂದಲೂ ಹೋಗುತ್ತಿತ್ತು, ಎಮ್ಮೆಯದ್ದೂ ಕಡವೆಯದ್ದೂ. ಎಮ್ಮೆ ಕೊಂಬಿಗೆ ತೊಂದರೆಯಿಲ್ಲ. ಉತ್ತರ ಪ್ರದೇಶದ ಸಂಭಲ್ ಕಡೆಯ ಕುಶಲಕರ್ಮಿಗಳ ಪಟ್ಟಿಗಳು ಆನ್‌ಲೈನಿನಲ್ಲಿ ಜೋಡಿಯಾಗಿ ಸಿಗುತ್ತವೆ. ಕಡವೆ, ಜಿಂಕೆ ಕೊಂಬು ಮುಟ್ಟಬೇಡಿ. ಕಾಡಲ್ಲಿ ತಾನಾಗಿ ಉದುರಿದ್ದು ಅಂತ ಮಾರುವವರು ಹೇಳುತ್ತಾರೆ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರವೂ ಅಪರಾಧವೇ. ದಂತದ ಹಿಡಿಗೂ ಇದೇ ಮಾತು. ಬೀಟೆ ಮರವೂ ಲ್ಯಾಂಬ್‌ಫೂಟ್ ಚಾಕುಗಳಿಗೆ ಹೊಂದುವ ಸಾಂಪ್ರದಾಯಿಕ ಹಿಡಿ. ಎರಡೂ ಪಟ್ಟಿ ಹೋಗಿದ್ದರೆ ಪೀಠೋಪಕರಣ ಕೆಲಸದವರ ಹತ್ತಿರದ ಬೀಟೆ ಚೂರು ಸಾಕಾಗುತ್ತಿತ್ತು. ಇಲ್ಲಿ ಮಾರ್ಕ್ ಕಡೆಯದು ಚೆನ್ನಾಗಿಯೇ ಇರುವುದರಿಂದ ಪೈಲ್ ಕಡೆಗೆ ಕೊಂಬೇ.

3.5 ಮಿ.ಮೀ. ಪಟ್ಟಿ ತುಸು ಡೊಂಕಿತ್ತು. ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಎರಡು ಅಲ್ಯುಮಿನಿಯಂ ತಗಡಿನ ನಡುವೆ ವೈಸಿನಲ್ಲಿ ಒತ್ತಿದರೆ ನೆಟ್ಟಗಾಗುತ್ತದೆ. ಮರುದಿನವೇ ತೆಗೆದು ಪಿನ್ನು ಹೊಡೆದ ಪಟ್ಟಿ ವಾರದೊಳಗೆ ಎರಡೂ ತುದಿ ಎತ್ತಿ ಬೋಲ್‌ಸ್ಟರಿನ ಸಂದಿಯಲ್ಲಿ ಬಿಟ್ಟುಕೊಂಡಿತು, ಒಂದು ಪಿನ್ನಿನಿಂದ ಬಿರುಕೂ ಶುರುವಾಯಿತು. ಕಾರಣ ಒಳಗುಳಿದ ನೀರು. ಜೋಡಿಯ ಎರಡನೇ ಪಟ್ಟಿಯನ್ನು ಹಾಗೇ ಒತ್ತಿ, ನೆರಳಿನಲ್ಲಿ ಮೂರು ವಾರ ಬಿಟ್ಟದ್ದು ಇನ್ನೂ ನೆಟ್ಟಗಿದೆ. ಚಿನ್ನ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಿದ್ದರೆ ತೂಕ ಇಳಿಯುವುದು ನಿಂತ ಮೇಲೆ ಬಳಸಿ. ದಿನ ಎಣಿಸುವುದಕ್ಕಿಂತ ಅದು ನಂಬಿಕಸ್ಥ.

ಪಿನ್ನಿನ ತೂತು 1.3 ಮಿ.ಮೀ., 18 ನಂಬರ್ ತಂತಿಗೆ ಕೊಂಚ ಸಡಿಲ. ಬಿಗಿ ತೂತಿನಲ್ಲಿ ಪಿನ್ನು ಹಿಗ್ಗಿದರೆ ಕೊಂಬು ಸೀಳುತ್ತದೆ. ಹೊರಬಾಯಿಗೆ 2.5ರ ಬಿಟ್ಟನ್ನು ಕೈಯಲ್ಲಿ ತಿರುಗಿಸಿ ಸಣ್ಣ ಬಟ್ಟಲು ಮಾಡಿ, ಪಿನ್ನು 0.4 ಮಾತ್ರ ಹೊರಗಿರಲಿ, 50 ಗ್ರಾಂ ಸುತ್ತಿಗೆ. ಅಂಟು ಹಾಕಿಲ್ಲ, ಮೂಲದಲ್ಲೂ ಇರಲಿಲ್ಲ. ಅರಾಲ್ಡೈಟ್ ಹಾಕಿದರೆ ಮುಂದೆ ಯಾರಾದರೂ ಬಿಚ್ಚುವಾಗ ಪಟ್ಟಿ ಚೂರಾಗುತ್ತದೆ.

ಹಂತ 9: ಜೋಡಣೆ, ತಲೆ ಕಟ್ಟುವುದು

ಜರ್ಮನ್ ಸಿಲ್ವರ್ ತಂತಿ ಅಂಗಡಿಯಿಂದ ಬರುವಾಗ ಬಿರುಸು. ಗ್ಯಾಸ್ ಟಾರ್ಚಿನಲ್ಲಿ ಮಂದ ಕೆಂಪು ಬರುವವರೆಗೆ ಕಾಯಿಸಿ, ತಾನಾಗಿ ಆರಲು ಬಿಡಿ. ಕಾಯಿಸದೆ ಹೊಡೆದರೆ ತಲೆ ಅಗಲವಾಗುವ ಮೊದಲು ಅಂಚು ಸೀಳುತ್ತದೆ.

ಒಣ ಜೋಡಣೆಯಲ್ಲಿ ಸ್ಪ್ರಿಂಗಿನ ಎತ್ತರ ಮತ್ತೆ ಅಳೆದಾಗ: ತೆರೆದಾಗ 0.05 ಕೆಳಗೆ, ಅರ್ಧದಲ್ಲಿ 0.5 ಮೇಲೆ, ಮಡಚಿದಾಗ ಸಮ. ಅರ್ಧದಲ್ಲಿ ಎತ್ತರ ಹೆಚ್ಚಿದ್ದು ಒಳ್ಳೆಯ ಲಕ್ಷಣ, ಸ್ಪ್ರಿಂಗು ಈಗ ನಿಜವಾಗಿ ಬಾಗುತ್ತಿದೆ. ತೆರೆದಾಗಿನ 0.05ನ್ನು ಬಿಟ್ಟದ್ದು ಬೇಕೆಂದೇ. ಅದಕ್ಕಾಗಿ ಲೈನರ್ ಉಜ್ಜಿದರೆ ಮಡಚಿದಾಗ ಸ್ಪ್ರಿಂಗು ಹೊರಗೇಳುತ್ತದೆ.

ಕ್ರಮ: ಮೊದಲು ಬಾಲದ ಪಿನ್ನು, ಆಮೇಲೆ ನಡುವಿನದು, ಕೊನೆಗೆ ಅಲಗಿನ ಪಿನ್ನು. ಸ್ಪ್ರಿಂಗಿನ ಒತ್ತಡದಿಂದ ತೂತುಗಳು ಎದುರಾಗುವುದಿಲ್ಲ. ಚೂಪು ಮಾಡಿದ ಉಕ್ಕಿನ ತಂತಿಯೊಂದನ್ನು ಮೊದಲು ತೂರಿಸಿ, ಅದರ ಹಿಂದೆಯೇ ನಿಜವಾದ ಪಿನ್ನನ್ನು ತಳ್ಳಿ. ಬುಶ್ ಬೀಳದಂತೆ ಗ್ರೀಸು ಹಚ್ಚಿ ಅಂಟಿಸಿಡಿ.

ಪಿನ್ನು ಎರಡೂ ಕಡೆ 0.8ರಿಂದ 1 ಮಿ.ಮೀ. ಹೊರಗಿರಲಿ. 2 ಮಿ.ಮೀ. ಬಿಟ್ಟ ಪಿನ್ನು ತಲೆ ಕಟ್ಟಲಿಲ್ಲ, ಮೇಲ್ಭಾಗ ಓರೆಯಾಗಿ ಮಡಚಿಕೊಂಡು ಒಳಗೂ ಬಾಗಿ ಬುಶ್ಶನ್ನು ಕಚ್ಚಿಹಿಡಿಯಿತು, ಕೊರೆದೇ ತೆಗೆಯಬೇಕಾಯಿತು. ಉದ್ದ ಹೆಚ್ಚಿದ್ದರೆ ಲೋಹ ಅಗಲಕ್ಕೆ ಹರಿಯುವ ಬದಲು ಪಕ್ಕಕ್ಕೆ ವಾಲುತ್ತದೆ. ಬೋಲ್‌ಸ್ಟರಿನ ತೂತಿನ ಹೊರಬಾಯಿಯನ್ನು 0.3 ಆಳಕ್ಕೆ ಅಗಲ ಮಾಡಿರಬೇಕು, ಹಿಗ್ಗಿದ ಲೋಹ ತುಂಬಿಕೊಳ್ಳಲು ಜಾಗ ಬೇಕಲ್ಲ.

ಏಟು ಅಂಚಿನ ಸುತ್ತ ವೃತ್ತದಲ್ಲಿ, ನಾಲ್ಕೈದು ಏಟಿಗೊಮ್ಮೆ ಚಾಕು ತಿರುವಿ ಇನ್ನೊಂದು ಕಡೆ. ಪ್ರತಿ ತಿರುವಿಗೂ ಅಲಗು ತೆರೆದು ಮಡಚಿ ನೋಡಿ. ಬಿಗಿ ಒಮ್ಮೆಲೇ ಏರುತ್ತದೆ. ಬುಶ್ ಇದ್ದರೆ ಮಾತ್ರ ಈ ಭಯವಿಲ್ಲ: ಲೈನರುಗಳು ಬುಶ್ಶಿಗೆ ತಾಗಿದ ಮೇಲೆ ಎಷ್ಟು ಬಡಿದರೂ ಅಲಗು ಹಿಡಿಯುವುದಿಲ್ಲ. ಸುತ್ತಿಗೆಯ ಸದ್ದು ಬದಲಾಗುವುದು ಕಿವಿಗೇ ಗೊತ್ತಾಗುತ್ತದೆ, ಮಂದ ಸದ್ದು ಹೋಗಿ ಖಣಖಣ ಎನ್ನುತ್ತದೆ.

ಸಮ ಮಾಡಲು ನಯ ಅರ, 400, 600, 1000. ಮಾರ್ಕ್ ಕಡೆಯ ಬೋಲ್‌ಸ್ಟರಿನ ಹಳೆ ಗೀರುಗಳನ್ನು ಪೂರ್ತಿ ತೆಗೆದಿಲ್ಲ, ಪಿನ್ನಿನ ಸುತ್ತ ಮಾತ್ರ.

ಹಂತ 10: ಸಾಣೆ, ಎಣ್ಣೆ, ಇಡುವ ಜಾಗ

ಒಂದೊಂದು ಪಕ್ಕಕ್ಕೆ ಸುಮಾರು 17 ಡಿಗ್ರಿ, 1000 ಮತ್ತು 3000ರ ಕಲ್ಲು. ಲ್ಯಾಂಬ್‌ಫೂಟ್ ಬಾಯಿ ಪೂರ್ತಿ ನೇರ, ಕಲ್ಲಿನ ಮೇಲೆ ಒಂದೇ ಎಳೆತ. ಕಲ್ಲು ಹಳ್ಳ ಬಿದ್ದಿದ್ದರೆ ಬಾಯಿ ಉಬ್ಬುತ್ತದೆ ಅನ್ನುವುದೊಂದೇ ಎಚ್ಚರ.

ಪಿನ್ನಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಅಲಗಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಹಣ್ಣು ಕೊಯ್ಯುವ ಚಾಕುವಿಗೆ ವಿಷವಿಲ್ಲದ ಎಣ್ಣೆಯೇ ಬೇಕು. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆ ತಿಂಗಳೊಪ್ಪತ್ತಿನಲ್ಲಿ ಅಂಟಾಗಿ ಸ್ಪ್ರಿಂಗು ಜಡವಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹೀರಿ ಅಲಗಿಗೆ ಒತ್ತುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಕೊಂಬಿನ ಹುಳುವಿಗೆ ನಾಫ್ತಲೀನ್ ಗುಳಿಗೆ ಹಾಕುವವರಿದ್ದಾರೆ, ಅದಕ್ಕಿಂತ ತಿಂಗಳಿಗೊಮ್ಮೆ ತೆಗೆದು ಒರೆಸುವುದೇ ಮೇಲು. ಹುಳು ಕೊರೆಯುವುದು ಕತ್ತಲಲ್ಲಿ ಮುಟ್ಟದೆ ಬಿದ್ದ ಕೊಂಬನ್ನು. ಸೆಲ್ಯುಲಾಯ್ಡ್ ಹಿಡಿಯ ಚಾಕುಗಳನ್ನು ಇವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಹಳೆ ಸೆಲ್ಯುಲಾಯ್ಡ್ ಕೊಳೆಯುವಾಗ ಬಿಡುವ ಆಮ್ಲದ ಆವಿ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ.

ಖರ್ಚು (ರೂ.)

ಜರ್ಮನ್ ಸಿಲ್ವರ್ ತಂತಿ, ಮೂರು ಅಳತೆ, ಒಂದೊಂದು ಅಡಿ: 150
ಲೇತ್ ಕೂಲಿ, ಬ್ರಾಂಜ್ ಸೇರಿ: 200
ವಾಟರ್ ಪೇಪರ್: 160
ಸೂಜಿ ಅರದ ಸೆಟ್: 350
ಪಿನ್ ಪಂಚ್ ಸೆಟ್: 400
3.5 ಹ್ಯಾಂಡ್ ರೀಮರ್: 350
ಕೊಂಬಿನ ಪಟ್ಟಿ, ಒಂದು ಜೋಡಿ: 600
ಲಿಕ್ವಿಡ್ ಪ್ಯಾರಾಫಿನ್: 80

ಒಟ್ಟು 2,290, ಚಾಕು ಸೇರಿ 3,490. ಅರ, ಪಂಚು, ರೀಮರ್ ಮುಂದಿನ ಚಾಕುವಿಗೂ ಬರುತ್ತವೆ. ಸುತ್ತಿಗೆ, ವೈಸ್, ವರ್ನಿಯರ್, ಡ್ರಿಲ್, ಸಾಣೆ ಕಲ್ಲು ಈ ಲೆಕ್ಕದಲ್ಲಿಲ್ಲ.

ಉಳಿದದ್ದು

ಮಡಚಿದಾಗ ಅಲಗಿನ ತುದಿ ಪೈಲ್ ಕಡೆಯ ಲೈನರಿಗೆ 0.4 ಮಿ.ಮೀ. ವಾಲಿದೆ, ತಾಗುವುದಿಲ್ಲ. ಬುಡದಲ್ಲಿ ಬಗ್ಗಿಸಿ ನಡುವಿಗೆ ತರಬಹುದು, ಆದರೆ ಇಷ್ಟು ಹಳೆಯ ಗಟ್ಟಿ ಉಕ್ಕನ್ನು ತಣ್ಣಗೆ ಬಗ್ಗಿಸುವ ಸಾಹಸ 0.4ಕ್ಕಾಗಿ ಬೇಡ. ಬಾಲದ ಹತ್ತಿರ ಹೊಸ ಕೊಂಬು ಲೈನರಿಗಿಂತ ಕೂದಲಷ್ಟು ಎತ್ತರ ಉಳಿದಿದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದು ಕೊಂಬು ತನ್ನ ಅಳತೆಗೆ ನಿಂತ ಮೇಲೆ 1000ರಲ್ಲಿ ಸಮ ಮಾಡುವುದು.